ಗುಂಡಿನ ಪೆಟ್ಟಿಗೆಯೊಳಗೆ ಬರೆದ ಶ್ರೀ

ಪೆಟ್ಟಿಗೆ ಮಾಡುವವರು ಒಳಗೆ ಏನು ಹೋಗುತ್ತದೆ ಎಂದು ಕೇಳಬಾರದು ಅಂತ ನನಗೆ ಪಾಠ ಹೇಳಿದವನು ಏಜೆನ್ಸಿಯವನು. "ಮೇಡಂ, ನೀವೇನು ಹೆಣದ ಪೆಟ್ಟಿಗೆ ಮಾಡ್ತಿದೀರಾ? ಯಾಕೆ ಇಷ್ಟು ಯೋಚನೆ?" ಅಂತ ನಕ್ಕ. ನಾನೂ ನಕ್ಕೆ. ಆ ನಗು ನೆನೆದರೆ ಈಗಲೂ ಬಾಯಿ ಕಹಿಯಾಗುತ್ತದೆ.

ಹಾಸನದ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನ್ನದೊಂದು ಶೆಡ್ಡು. ಮೋಟರು, ಪಂಪ್‌ಸೆಟ್ಟು, ಯಂತ್ರದ ಬಿಡಿಭಾಗ ಕಳಿಸುವವರಿಗೆ ಮರದ ಪೆಟ್ಟಿಗೆ ಮಾಡಿಕೊಡುವ ಕಸುಬು. ಏಜೆನ್ಸಿಯವನು ಚನ್ನರಾಯಪಟ್ಟಣದ ಕಡೆಯವನು. ಸರ್ಕಾರಿ ಮದ್ದುಗುಂಡಿನ ಕಾರ್ಖಾನೆಗೂ ನಮ್ಮಂಥ ಸಣ್ಣವರಿಗೂ ನಡುವೆ ನಿಂತು ಕೆಲಸ ಹಂಚುವವನು. ನಮ್ಮ ಸರ್ಕಾರ ಒಂದು ಮಿತ್ರದೇಶಕ್ಕೆ ಫಿರಂಗಿ ಗುಂಡು ಮಾರುತ್ತಿದೆ, ಅದಕ್ಕೆ ಪೆಟ್ಟಿಗೆ ಬೇಕು, ಮೊದಲು ಒಪ್ಪಿಕೊಂಡವನು ಕೈಕೊಟ್ಟಿದ್ದಾನೆ, ಬೇಗ ಆಗಬೇಕು ಎಂದ. ಆ ಮಿತ್ರದೇಶದ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ನನ್ನ ವಕೀಲರು ಬೈಯುತ್ತಾರೆ. ಪ್ರತಿ ಪೆಟ್ಟಿಗೆಯ ಮೇಲೂ ಅದನ್ನು ಕಪ್ಪು ಬಣ್ಣದಲ್ಲಿ ಒತ್ತಿ ಕಳಿಸಿದ್ದೇವೆ, ಸಾಕು.

ಪೆಟ್ಟಿಗೆ ಎಂದರೆ ನಾಲ್ಕು ಹಲಗೆ, ಒಂದು ಹಿಡಿ ಮೊಳೆ ಎಂದುಕೊಳ್ಳಬೇಡಿ. ಸಕಲೇಶಪುರದ ಕಾಫಿ ತೋಟಗಳ ಸಿಲ್ವರ್ ಮರದ ಹಲಗೆ, ಗಂಟು ಇರಕೂಡದು. ಮೊಳೆ ಇಲ್ಲ, ಎಲ್ಲ ಸ್ಕ್ರೂ. ಗುಂಡು ಒಳಗೆ ಹೊರಳಬಾರದೆಂದು ಅಡ್ಡಪಟ್ಟಿಗಳಲ್ಲಿ ಅರ್ಧಚಂದ್ರಾಕಾರದ ಕಚ್ಚು ತೆಗೆದು, ಅದಕ್ಕೆ ನುಣ್ಣಗೆ ಉಜ್ಜುಕಾಗದ ಹೊಡೆಯಬೇಕು. ಎರಡೂ ಕಡೆ ಹಗ್ಗದ ಹಿಡಿ. ಹೊರಗೆ ಹಸಿರು ಬಣ್ಣ. ಗುಂಡಿನಷ್ಟೇ ಭಾರದ ಮರಳಿನ ಚೀಲ ತುಂಬಿ, ಎತ್ತರದಿಂದ ಮೂಲೆ ನೆಲಕ್ಕೆ ಬಡಿಯುವ ಹಾಗೆ ಬೀಳಿಸಿ ನೋಡುತ್ತಾರೆ. ಒಂದು ಮೂಲೆ ಬಾಯಿ ಬಿಟ್ಟರೂ ಆ ಕಂತು ಪೂರ್ತಿ ವಾಪಸ್ಸು.

ಇನ್ನೊಂದು ನಿಯಮವಿತ್ತು. ದೇಶ ಬಿಟ್ಟು ಹೋಗುವ ಯಾವ ಮರಕ್ಕೂ ಅದು ಇದೆ: ತಿರುಳಿನವರೆಗೂ ಐವತ್ತಾರು ಡಿಗ್ರಿ ಬಿಸಿ, ಅರ್ಧ ಗಂಟೆ. ಲೈಸೆನ್ಸ್ ಇದ್ದವರ ಹತ್ತಿರ ಕಾಯಿಸಿ ಮುದ್ರೆ ಒತ್ತಿಸಿಕೊಳ್ಳಬೇಕು. ಯಾಕೆಂದರೆ ನಮ್ಮ ಮರದ ಹುಳು ಅವರ ದೇಶಕ್ಕೆ ಹೋಗಿ ಅವರ ಗಿಡಮರಗಳಿಗೆ ತೊಂದರೆ ಕೊಡಬಾರದು. ಆಗ ನನಗೆ ಇದು ಬಹಳ ಒಳ್ಳೆಯ ಕಾನೂನು ಅನ್ನಿಸಿತ್ತು.

ಕೆಲಸ ಮೊದಲು ಕೆಟ್ಟಿದ್ದು ತೇವದಿಂದ. ಸಕಲೇಶಪುರದ ಕಡೆ ಮಳೆ ಹಿಡಿದು, ಬಂದ ಹಲಗೆಗಳೆಲ್ಲ ಹಸಿಹಸಿ. ತೇವ ಅಳೆಯುವ ಎರಡು ಸೂಜಿಯ ಮೀಟರ್ ಚುಚ್ಚಿದರೆ ಮುಳ್ಳು ಮೇಲಕ್ಕೇ ನಿಲ್ಲುತ್ತಿತ್ತು. ಹಾಗೇ ಜೋಡಿಸಿದೆವು. ಕಾರ್ಖಾನೆಯ ಇನ್‌ಸ್ಪೆಕ್ಟರ್ ಬಂದು ಮುಚ್ಚಳ ತೆಗೆಸಿದರೆ, ಒಳಗೆ ನೀಲಿ ಬೂಷ್ಟು ಕಟ್ಟಿತ್ತು. ಮೊದಲ ಕಂತು ಅಷ್ಟಕ್ಕಷ್ಟೂ ತಿರಸ್ಕಾರ.

ನನ್ನ ತವರು ಅರಕಲಗೂಡಿನ ಹತ್ತಿರ. ಅಣ್ಣ ಹೊಗೆಸೊಪ್ಪು ಬೆಳೆಯುತ್ತಾನೆ. ಸೊಪ್ಪು ಬೇಯಿಸುವ ಬ್ಯಾರನ್ನು ಆ ತಿಂಗಳುಗಳು ಬಿಟ್ಟರೆ ಖಾಲಿ ಬಿದ್ದಿರುತ್ತದೆ. ಗಾಳಿ ಆಡದ ಗೋಡೆ, ನೆಲದುದ್ದಕ್ಕೂ ಬಿಸಿ ಹಾಯುವ ತಗಡಿನ ಕೊಳವೆ, ಮೇಲೆ ಹಬೆ ಬಿಡಲು ಕಿಂಡಿ. ನನಗೆ ಇದಕ್ಕಿಂತ ಬೇರೇನು ಬೇಕು? ಫೋನ್ ಮಾಡಿದೆ.

"ಏನಮ್ಮಿ, ಒಗೆಸೊಪ್ಪು ಬೇಯ್ಸೋ ಬ್ಯಾರನ್ನಾಗೆ ಅಲಗೆ ಬೇಯಿಸ್ತೀಯಾ? ತಲೆ ಗಿಲೆ ಕೆಟ್ಟದಾ ನಿಂಗೆ?" ಅಂದ ಅಣ್ಣ. ಬೈದವನೇ ಮಾರನೆಯ ದಿನ ಬ್ಯಾರನ್ನು ಗುಡಿಸಿ ಇಟ್ಟಿದ್ದ.

ಮೊದಲ ಸಲ ಉರಿ ಜೋರಾಗಿ ಹಲಗೆಗಳ ತುದಿ ಸೀಳಿಹೋದವು. ಆಮೇಲೆ ತುದಿಗಳಿಗೆ ಹಳೆ ಬಣ್ಣ ಬಳಿದೆವು. ಹಲಗೆ ಹಲಗೆಯ ನಡುವೆ ರೀಪು ಇಟ್ಟು ಗಾಳಿ ಹಾಯಲು ಸಂದು ಬಿಟ್ಟೆವು. ಗೋಣಿಚೀಲ ನೆನೆಸಿ ಒಳಗೆ ನೇತುಹಾಕಿ, ಕಿಂಡಿಯನ್ನು ಸ್ವಲ್ಪ ಸ್ವಲ್ಪವೇ ತೆರೆಯುತ್ತಾ ನಿಧಾನಕ್ಕೆ ಕಾಯಿಸಿದೆವು. ಮೀಟರಿನ ಮುಳ್ಳು ಕೆಳಗಿಳಿದ ದಿನ ನಾನು ಅಲ್ಲೇ ಅಣ್ಣನ ಅಂಗಳದಲ್ಲಿ ಕುಣಿಯುವುದೊಂದು ಬಾಕಿ. ಆಮೇಲೆ ಲೈಸೆನ್ಸಿನವರ ಮುದ್ರೆಯೂ ಬಿತ್ತು. ಆದರೆ ಹಲಗೆಗಳಿಗೆಲ್ಲ ಹೊಗೆಸೊಪ್ಪಿನ ಘಾಟು ಹಿಡಿದುಬಿಟ್ಟಿತ್ತು. ಇನ್‌ಸ್ಪೆಕ್ಟರ್ ಒಂದನ್ನು ಮೂಸಿ ನೋಡಿ ಮುಖ ಕಿವುಚಿ, "ವಾಸನೆ ಬಗ್ಗೆ ನಿಯಮದಲ್ಲಿ ಏನೂ ಇಲ್ಲ" ಎಂದು ಪಾಸು ಮಾಡಿದರು.

ಅವರು ತಕರಾರು ತೆಗೆದದ್ದು ಬೇರೆಯದಕ್ಕೆ. ನಮ್ಮ ಮೇಸ್ತ್ರಿ ಕೊಣನೂರಿನವರು. ಬೆಳಿಗ್ಗೆ ಮೊದಲ ಹಲಗೆಗೆ ಗರಗಸ ಹಚ್ಚುವ ಮುಂಚೆ ಅದರ ಮೇಲೆ ಪೆನ್ಸಿಲ್ಲಿನಲ್ಲಿ ಶ್ರೀ ಎಂದು ಬರೆದು, ಮುಟ್ಟಿ ಕಣ್ಣಿಗೆ ಒತ್ತಿಕೊಂಡೇ ಕೆಲಸಕ್ಕೆ ಇಳಿಯುವುದು ಅವರ ಪದ್ಧತಿ. ಅವರ ಶ್ರೀಯ ಕೊನೆಯ ಸುಳಿ ದೊಡ್ಡದಾಗಿ ಬಾಲದ ಹಾಗೆ ಮೇಲಕ್ಕೆ ಹೋಗುತ್ತದೆ, ದೂರದಿಂದಲೇ ಗುರುತು ಸಿಗುತ್ತದೆ. ಇನ್‌ಸ್ಪೆಕ್ಟರಿಗೂ ಸಿಕ್ಕಿತು.

"ಏನಿದು ಮಾರ್ಕು?"

"ದೇವ್ರ ಎಸ್ರು ಸಾ. ಒಳ್ಳೇದಾಗ್ಲಿ ಅಂತ."

"ಯಾರಿಗೆ ಒಳ್ಳೇದಾಗಲಿ ಅಂತ?"

"ಯಾರ್ ಕೈಗೋಯ್ತದೋ ಅವ್ರಿಗೆ ಸಾ."

ಇನ್‌ಸ್ಪೆಕ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ, ಅನುಮತಿ ಇಲ್ಲದ ಯಾವ ಗುರುತೂ ಇರಕೂಡದು, ಎಲ್ಲ ಉಜ್ಜಿಹಾಕಿ ಅಂದರು. ಉಜ್ಜುಗೊರಡು ಹಾಕಿ ಅಳಿಸಿದೆವು. ಮರುದಿನದಿಂದ ಮೇಸ್ತ್ರಿ ತಳದ ಅಡ್ಡಪಟ್ಟಿಯ ಕೆಳಮೈಗೆ ಬರೆಯತೊಡಗಿದರು. ಸ್ಕ್ರೂ ಹಾಕಿ ಬಿಗಿದ ಮೇಲೆ, ಪೆಟ್ಟಿಗೆಯನ್ನು ಪೂರ್ತಿ ಬಿಚ್ಚದ ಹೊರತು ಅದು ಯಾರಿಗೂ ಕಾಣದು. ನಾನು ನೋಡಿಯೂ ಸುಮ್ಮನಿದ್ದೆ. ದೇವರ ಹೆಸರು ತಾನೇ, ಇರಲಿ.

ಲಾರಿಗಳು ಹೊರಟ ದಿನ ಟೈರಿಗೆ ನಿಂಬೆಹಣ್ಣಿಟ್ಟು, ಈಡುಗಾಯಿ ಒಡೆದು ಕಳಿಸಿದೆವು. ಮೇಸ್ತ್ರಿಯ ಮಗಳು, ನಮ್ಮಲ್ಲಿ ಸ್ಟೆನ್ಸಿಲ್ ಒತ್ತುವ ಹುಡುಗಿ, ಬಿಸಿಲಿಗೆ ಹಣೆಗೆ ಕೈ ಅಡ್ಡ ಹಿಡಿದು ಲಾರಿಯ ಫೋಟೋ ತೆಗೆದಳು. ಒಂದು ಸಂಘದವರು ಕರೆದು ನನಗೆ ಶಾಲು ಹೊದಿಸಿದರು. ದೇಶದ ರಕ್ಷಣಾ ರಫ್ತಿಗೆ ಹಾಸನದ ಮಹಿಳೆಯ ಕೊಡುಗೆ ಅಂತ ಮೈಕಿನಲ್ಲಿ ಹೇಳಿದರು. ನಾನು ಪೇಟ ಹಾಕಿಕೊಂಡು ನಿಂತಿದ್ದೆ, ಹಲ್ಲು ಕಿರಿದುಕೊಂಡು.

ಮೇಸ್ತ್ರಿಯ ಅಳಿಯ, ಈ ಹುಡುಗಿಯ ಗಂಡ, ಜೆಸಿಬಿ ಓಡಿಸುವವನು. ಹೊಳೆನರಸೀಪುರದ ಕಡೆ ನಾಲೆ ಕೆಲಸದಲ್ಲಿ ಕೈ ಪಳಗಿದ ಮೇಲೆ, ಏಜೆಂಟರ ಮೂಲಕ ಹೊರದೇಶದ ರಸ್ತೆ ಕಂಪನಿಗೆ ಹೋಗಿದ್ದ. ನಮ್ಮ ಪೆಟ್ಟಿಗೆ ಹೋದ ದೇಶಕ್ಕಲ್ಲ, ಅದರ ಪಕ್ಕದ ದೇಶಕ್ಕೆ. ಅಲ್ಲಿ ಎರಡು ಗುಂಪುಗಳ ನಡುವೆ ಹೊಡೆದಾಟ ಶುರುವಾಗಿತ್ತು. ಅದೆಲ್ಲ ದೂರದಲ್ಲಿ, ತನ್ನ ಕ್ಯಾಂಪಿನ ಕಡೆ ಏನೂ ಇಲ್ಲ ಎಂದು ಹೆಂಡತಿಗೆ ಹೇಳುತ್ತಿದ್ದ.

ಲಾರಿ ಹೋಗಿ ತಿಂಗಳುಗಳಾದ ಮೇಲೆ ಒಂದು ಮಧ್ಯಾಹ್ನ, ಎಲ್ಲರೂ ಬುತ್ತಿ ಬಿಚ್ಚಿ ಕೂತಿದ್ದಾಗ, ಅವನದೊಂದು ಫೋಟೋ ಬಂತು. ಯಾವುದೋ ಟೀ ಅಂಗಡಿಯ ಬಾಗಿಲು. ಹಸಿರು ಬಣ್ಣದ ಹಲಗೆಗಳನ್ನು ಜೋಡಿಸಿ ಮಾಡಿದ್ದು. ಅಡ್ಡಪಟ್ಟಿಯೊಂದನ್ನು ಬೋರಲು ಹಾಕಿ ಹೊಡೆದಿದ್ದರು, ಅದರ ಮೇಲೆ ಶ್ರೀ. ಬಾಲವಿರುವ ಶ್ರೀ. ಜೊತೆಗೆ ಅವನ ಧ್ವನಿ: "ಮಾವ, ಇದ್ ನೋಡಿ ಮಾವ! ನೀವ್ ಬರ್ದಿದ್ದಲ್ವಾ? ಮೂಗಿಕ್ಕಿ ನೋಡ್ದೆ ಕಣ್ ಮಾವ, ನಮ್ಮೂರ್ ಬ್ಯಾರನ್ ವಾಸ್ನೆ ಇನ್ನೂವೇ ಐತೆ!"

ಶೆಡ್ಡಿಗೆ ಶೆಡ್ಡೇ ನಕ್ಕಿತು. ಮೇಸ್ತ್ರಿ ಕೈ ತೊಳೆದು ಬಂದು ಮತ್ತೆ ಮತ್ತೆ ನೋಡಿದರು. "ನೋಡವ್ವ, ಎಲ್ಲಿಂದೆಲ್ಲಿಗೋಗೈತೆ ನನ್ ಶ್ರೀ" ಅಂದರು. ಮಗಳು ಅದನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಕೊಂಡಳು.

ನಗುತ್ತಿದ್ದ ನನಗೆ ಹಾಗೇ ಹೊಳೆಯಿತು. "ನಿನ್ನ ಗಂಡ ಇರೋದು ಯಾವ ದೇಶ ಅಂದೆ?" ಹೇಳಿದಳು. ಅವಳ ಮೇಜಿನ ಮೇಲೆ ಹಳೆಯ ಸ್ಟೆನ್ಸಿಲ್ ತಗಡು ಇನ್ನೂ ಇತ್ತು. ಅದರಲ್ಲಿ ಕೊರೆದಿದ್ದ ಹೆಸರೇ ಬೇರೆ. ಖಾಲಿ ಪೆಟ್ಟಿಗೆ ತಾನಾಗಿ ಗಡಿ ದಾಟುತ್ತದಾ? ತಿನ್ನುತ್ತಿದ್ದ ಮುದ್ದೆ ಬಿಟ್ಟು ಎದ್ದೆ.

ಏಜೆನ್ಸಿಯವನಿಗೆ ಫೋನ್ ಮಾಡಿದೆ. "ಮೇಡಂ, ಕೊಟ್ಟ ಮೇಲೆ ಅದು ಅವರ ವಸ್ತು. ನಿಮ್ಮ ಪಂಪ್‌ಸೆಟ್ ಪೆಟ್ಟಿಗೇಲಿ ಯಾರೋ ಕೋಳಿ ಸಾಕಿದ್ರೆ ನೀವು ಹೋಗಿ ಕೇಳ್ತೀರಾ?" ಅಂದ. ಕೊಂಡವರು ಬೇರೆ ಯಾರಿಗೂ ಕೊಡುವುದಿಲ್ಲ ಅಂತ ಬರೆದುಕೊಟ್ಟಿರುತ್ತಾರೆ ಎಂದು ನೀನೇ ಹೇಳಿದ್ದೆಯಲ್ಲಪ್ಪ ಅಂದರೆ, "ಬರೆದುಕೊಟ್ಟಿದಾರೆ, ಅಷ್ಟೇ ಮೇಡಂ ಬೇಕಾಗಿದ್ದು" ಅಂದ. ಥೂ ಅಂತ ಫೋನ್ ಇಟ್ಟೆ.

ಗಂಡನನ್ನು ವಾಪಸ್ಸು ಕರೆಸಿಕೊ ಎಂದು ಹುಡುಗಿಗೆ ಹೇಳಿದೆ. ಪಾಸ್‌ಪೋರ್ಟು ಕಂಪನಿಯ ಕೈಯಲ್ಲಿ, ಒಪ್ಪಂದ ಮುಗಿಯದೆ ಬಿಡರು ಎಂದಳು. ಅಷ್ಟರಲ್ಲಿ ಆ ಫೋಟೋ ಸ್ಟೇಟಸ್ಸಿನಿಂದ ಹಾರಿ ಹಾಸನದ ಗುಂಪುಗಳಿಗೆಲ್ಲ ಹೋಗಿತ್ತು. ಹಾಸನದ ಹೆಮ್ಮೆ ಅಂತೆ, ಮೇಲೊಂದು ಬಾವುಟ ಅಂತೆ, ಚಪ್ಪಾಳೆ ಅಂತೆ. ಶಾಲು ಹೊದಿಸಿದ್ದ ಸಂಘದವನು ಫೋನ್ ಮಾಡಿ, "ಮೇಡಂ, ನಮ್ಮ ಶ್ರೀ ಪ್ರಪಂಚಾನೇ ಆಳ್ತಾ ಐತೆ" ಅಂದ. ಅವನಿಗೆ ನಾನು ಅಂದಿದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ.

ಆ ವಾರವೇ ಟೀ ಅಂಗಡಿಯ ಸಾಲಿನ ಮೇಲೆ ಗುಂಡು ಬಿತ್ತು. ಗೋಡೆ ಕುಸಿದು ಜನ ಸಿಕ್ಕಿಕೊಂಡರು ಎಂದು ಕ್ಯಾಂಪಿನವರು ಜೆಸಿಬಿ ತೆಗೆದುಕೊಂಡು ಓಡಿದರು. ಅಳಿಯ ಕಲ್ಲು ಸರಿಸುತ್ತಿದ್ದಾಗ ಎರಡನೆಯದು ಬಿತ್ತು. ಅವನ ಜೊತೆಗಾರನೊಬ್ಬನು ಹುಡುಗಿಗೆ ಫೋನ್ ಮಾಡಿ ಹೇಳಿದ. ಜೀವ ಇದೆ, ಕಾಲು ಜಜ್ಜಿಹೋಗಿದೆ, ಅಲ್ಲಿನ ಡೇರೆ ಆಸ್ಪತ್ರೆಯಲ್ಲಿ ಔಷಧಿ ಇಲ್ಲ, ನಂಜು ಏರುತ್ತಿದೆ, ಬೇಗ ಕರೆಸಿಕೊಳ್ಳದಿದ್ದರೆ ಉಳಿಯುವುದಿಲ್ಲ. ಇಷ್ಟೇ ಸುದ್ದಿ.

ಅಲ್ಲಿಂದ ಶುರುವಾಯಿತು ನನ್ನ ಫೋನಿನ ಕೆಲಸ. ಡಿ.ಸಿ. ಆಫೀಸು, ಬೆಂಗಳೂರು, ದಿಲ್ಲಿ. ಒಬ್ಬರು ಇಮೇಲ್ ಮಾಡಿ ಅಂದರು. ಇನ್ನೊಬ್ಬರು ಕಂಪನಿಯವರೇ ಅರ್ಜಿ ಹಾಕಬೇಕು ಅಂದರು. ಕಂಪನಿಯವರು ಅದು ಯುದ್ಧದ ಹಾನಿ, ನಮ್ಮ ಲೆಕ್ಕಕ್ಕೆ ಬರುವುದಿಲ್ಲ ಎಂದರು. ಒಬ್ಬ ಅಧಿಕಾರಿಯಂತೂ, ಆ ಊರಿನಲ್ಲಿ ನಮ್ಮವರು ಯಾರೂ ಇಲ್ಲವಲ್ಲ ಎಂದು ನನಗೇ ತಿಳಿಹೇಳಿದ. ಅಳಿಯನ ಆಸ್ಪತ್ರೆ ಫೋಟೋ ಕಳಿಸಿದೆ. ನೋಡುತ್ತೇವೆ ಅಂದರು. ಮರದ ಹುಳ ಗಡಿ ದಾಟದ ಹಾಗೆ ನೋಡಿಕೊಳ್ಳುವುದಕ್ಕೆ ಒಂದು ಇಲಾಖೆಯೇ ಇದೆ, ಕೊಣನೂರಿನ ಮನುಷ್ಯನನ್ನು ಗಡಿ ದಾಟಿಸುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ.

ಮೇಸ್ತ್ರಿ ಕೆಲಸಕ್ಕೆ ಬರುತ್ತಿದ್ದರು. ಬೆಳಿಗ್ಗೆ ಪೆನ್ಸಿಲ್ ಹಿಡಿದು ಹಲಗೆಯ ಮುಂದೆ ನಿಲ್ಲುತ್ತಿದ್ದರು. ಆಮೇಲೆ ಅದನ್ನು ಕಿವಿಗೆ ಸಿಕ್ಕಿಸಿಕೊಂಡು ಸುಮ್ಮನೆ ಗರಗಸ ಹಚ್ಚುತ್ತಿದ್ದರು.

ಹೀಗಿರುವಾಗ ಏಜೆನ್ಸಿಯವನು ತಾನಾಗಿಯೇ ಕಾರು ಹಾಕಿಕೊಂಡು ಬಂದ. ಮುಖದಲ್ಲಿ ನಗು ಇರಲಿಲ್ಲ. ಫೋಟೋ ಎಲ್ಲೆಲ್ಲೋ ಹೋಗಿದೆ, ಯಾವುದೋ ಹೊರದೇಶದ ಪತ್ರಿಕೆಯವರು ಆ ಅಕ್ಷರ ಯಾವ ಭಾಷೆಯದು ಎಂದು ಪತ್ತೆ ಮಾಡಿಬಿಟ್ಟಿದ್ದಾರೆ, ಮೇಲಿನವರು ಬಿಸಿಯಾಗಿದ್ದಾರೆ ಎಂದ. ಚೀಲದಿಂದ ಟೈಪ್ ಮಾಡಿದ ಕಾಗದ ತೆಗೆದ. ಅದರಲ್ಲಿ ಇದ್ದದ್ದು ಇಷ್ಟು: ಶ್ರೀ ಎಂಬ ಗುರುತಿದ್ದ ಪೆಟ್ಟಿಗೆಗಳೆಲ್ಲ ಬೂಷ್ಟು ಹಿಡಿದು ತಿರಸ್ಕಾರವಾದವು, ಕಾರ್ಖಾನೆಗೆ ಹೋಗಲೇ ಇಲ್ಲ, ನಾನು ಅವನ್ನು ಗುಜರಿಗೆ ಮಾರಿದೆ, ಮುಂದೆ ಯಾರು ಎಲ್ಲಿಗೆ ಒಯ್ದರೋ ಗೊತ್ತಿಲ್ಲ.

"ಇದು ಸುಳ್ಳು" ಅಂದೆ.

"ಗೊತ್ತು ಮೇಡಂ. ನೀವು ಅನುಮತಿ ಇಲ್ಲದ ಗುರುತು ಹಾಕಿದ್ದು ನಿಜ ತಾನೇ? ನಿಮ್ಮ ತಪ್ಪೂ ಇದೆಯಲ್ಲ."

ಕೋತಿ ಮೊಸರನ್ನ ತಿಂದು ಮೇಕೆ ಬಾಯಿಗೆ ಒರೆಸಿದ ಹಾಗೆ. ಗುಂಡು ಮಾರಿದವರದು ತಪ್ಪಲ್ಲ. ಕೊಂಡು ಪಕ್ಕದ ಮನೆಗೆ ದಾಟಿಸಿದವರದೂ ಅಲ್ಲ. ಪೆನ್ಸಿಲ್ಲಿನಲ್ಲಿ ದೇವರ ಹೆಸರು ಬರೆದವರದ್ದು!

ಎದ್ದು ಹೋಗು ಎಂದು ಬಾಯಿ ತೆಗೆದೆ. ಅಷ್ಟರಲ್ಲಿ ಅವನು ಮೆತ್ತಗೆ ಹೇಳಿದ: "ಈ ಗಲಾಟೆ ಇರೋವರೆಗೂ ಆ ಊರಲ್ಲಿ ನಮ್ಮವನೊಬ್ಬ ಗಾಯ ಆಗಿ ಬಿದ್ದಿದಾನೆ ಅಂತ ಯಾರೂ ಒಪ್ಪಿಕೊಳ್ಳಲ್ಲ ಮೇಡಂ. ಒಪ್ಪಿದ್ರೆ ಪೆಟ್ಟಿಗೆ ಮಾತೂ ಬರುತ್ತಲ್ಲ. ಇದು ತಣ್ಣಗಾದ್ರೆ ಹುಡುಗನ ಫೈಲು ತಾನಾಗೇ ಮುಂದಕ್ಕೆ ಹೋಗುತ್ತೆ. ಕೈ ಮುಗಿದು ಹೇಳ್ತೀನಿ, ನಾನೂ ಮಕ್ಕಳೊಂದಿಗ."

ಮೇಸ್ತ್ರಿಯನ್ನೂ ಮಗಳನ್ನೂ ಒಳಗೆ ಕರೆದೆ. ಕಾಗದ ಓದಿ ಹೇಳಿದೆ. ಸಹಿ ಹಾಕಿದರೆ ನಾವು ಮಾಡಿದ ಕೆಲಸವೆಲ್ಲ ಕೊಳೆತ ಸರಕು ಅಂತ ಬರೆದುಕೊಟ್ಟ ಹಾಗೆ, ಅಲ್ಲಿ ಸತ್ತವರ ಬಾಯಿಗೂ ಮಣ್ಣು ಹಾಕಿದ ಹಾಗೆ, ಹಾಕದಿದ್ದರೆ ಹುಡುಗ ಏನಾಗುತ್ತಾನೋ ಹೇಳಲಾರೆ ಎಂದೆ.

ಹುಡುಗಿ ಅಂದಳು: "ಅಕ್ಕಾ, ಸತ್ತೋರು ಯಾರೋ ನಂಗೊತ್ತಿಲ್ಲ. ಅವ್ರಿಗೂ ಎಡ್ತೀರು ಇರ್ತಾರೆ, ಅದು ಗೊತ್ತು. ಆದ್ರೆ ನಂಗೆ ನನ್ ಗಂಡ ಬೇಕು. ಸೈನ್ ಆಕ್ಬುಡಿ."

"ಮೇಸ್ತ್ರೀ, ನೀವೇನಂತೀರಿ?"

"ನಾನೇನನ್ಲವ್ವ. ಯಾರ್ ಕೈಗೋಯ್ತದೋ ಅವ್ರಿಗೆ ಒಳ್ಳೇದಾಗ್ಲಿ ಅಂತ ಬರ್ದೋನು ನಾನು" ಅಂದವರೇ ಹೊರಗೆ ಹೋದರು.

ಸಹಿ ಹಾಕಿದೆ. ಸೀಲೂ ಒತ್ತಿದೆ. ಏಜೆನ್ಸಿಯವನು ಮಸಿ ಆರಲಿ ಎಂದು ಕಾಗದವನ್ನು ಬಾಯಲ್ಲಿ ಊದಿದ. ಅವನು ಹೋದ ಮೇಲೆ ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದೆ. ಒಂದು ಜೀವ ಉಳಿಸಲು ಮಾಡಿದ್ದು ಎಂದು ಎಷ್ಟು ಸಮಾಧಾನ ಹೇಳಿಕೊಂಡರೂ ಬಾಯೊಳಗಿನ ಕಹಿ ಹೋಗಲಿಲ್ಲ.

ಹೇಳಿದ ಹಾಗೆಯೇ ಆಯಿತು. ಇಲ್ಲವೇ ಇಲ್ಲ ಎನ್ನುತ್ತಿದ್ದ ಮನುಷ್ಯ ಇದ್ದಕ್ಕಿದ್ದಂತೆ ಎಲ್ಲರ ಕಣ್ಣಿಗೂ ಬಿದ್ದ. ವಿಮಾನದಲ್ಲಿ ಮಲಗಿಸಿ ಕರೆತಂದರು. ಆದರೆ ನಂಜು ಯಾವ ಫೈಲಿಗೂ ಕಾಯುವುದಿಲ್ಲ. ಬಲಗಾಲನ್ನು ಮಂಡಿಯಿಂದ ಕೆಳಗೆ ತೆಗೆಯಬೇಕಾಯಿತು.

ಕೊಣನೂರಿಗೆ ನೋಡಲು ಹೋದೆ. ಮಂಚದ ಮೇಲೆ ಒರಗಿ ಕೂತಿದ್ದ. ಕಾಗದದ ವಿಷಯ ಹೆಂಡತಿ ಹೇಳಿದ್ದಳು. ಅವನು ನನ್ನನ್ನು ಬೈಯಲಿ ಎಂದು ಕಾದೆ. ಬೈಯಲಿಲ್ಲ. ಆ ಟೀ ಅಂಗಡಿಯವನ ಕಥೆ ಹೇಳಿದ. ಊರ ಹೊರಗಿನ ದಿಬ್ಬದಲ್ಲಿ ಫಿರಂಗಿಯವರು ಬಿಟ್ಟುಹೋದ ಪೆಟ್ಟಿಗೆಗಳ ರಾಶಿಯೇ ಇತ್ತಂತೆ. ಊರವರು ಸೌದೆಗೆ, ಬಾಗಿಲಿಗೆ, ಕೋಳಿ ಗೂಡಿಗೆ ಹೊತ್ತು ತಂದರಂತೆ. "ಒಳ್ಳೇ ಮರ, ನಿಮ್ ದೇಶದೋರು ಒಳ್ಳೇ ಜನ" ಅಂತ ಇವನಿಗೆ ಟೀಗೆ ಕಾಸು ತೆಗೆದುಕೊಳ್ಳುತ್ತಿರಲಿಲ್ಲವಂತೆ ಆ ಮುದುಕ.

"ಅವ್ನು ಏನಾದ?" ಅಂದೆ.

"ಬಾಗ್ಲೊಂದೇ ಸಿಕ್ತು ಅಕ್ಕ" ಅಂದ.

ಜೆಸಿಬಿ ಹತ್ತಲಾಗದವನನ್ನು ನಾನೇ ಶೆಡ್ಡಿಗೆ ಕರೆದೆ. ಕೂತು ಮಾಡುವ ಕೆಲಸ, ಹಗ್ಗದ ಹಿಡಿ ಹೆಣೆಯುವುದು. ಊರುಗೋಲನ್ನು ಹಲಗೆ ರಾಶಿಗೆ ಒರಗಿಸಿಕೊಂಡು ಕೂರುತ್ತಿದ್ದ.

ಏಜೆನ್ಸಿಯವನು ಮತ್ತೆ ಬಂದಾಗಲೂ ಅಲ್ಲೇ ಕೂತಿದ್ದ. ಏಜೆನ್ಸಿಯವನ ಕೈಯಲ್ಲಿ ಈ ಸಲ ಮೈಸೂರುಪಾಕಿನ ಡಬ್ಬ. ಅದೇ ಮಿತ್ರದೇಶ ಇನ್ನೊಂದು ದೊಡ್ಡ ಆರ್ಡರ್ ಕೊಟ್ಟಿದೆಯಂತೆ. ಪೆಟ್ಟಿಗೆ ನಿಮ್ಮದೇ ಬೇಕು ಎಂದು ಕೇಳಿದ್ದಾರಂತೆ.

"ಗುಜರಿಗೆ ಮಾರಿದ ಪೆಟ್ಟಿಗೇನಾ?" ಅಂದೆ.

"ಅಯ್ಯೋ ಬಿಡಿ ಮೇಡಂ, ಅದು ಆವತ್ತಿನ ಮಾತು. ಅವರು ಬರೆದಿರೋದು ನೋಡಿ ನೀವು. ಹಡಗಲ್ಲಿ, ಲಾರೀಲಿ, ಕಲ್ಲುಮುಳ್ಳಲ್ಲಿ, ಎಲ್ಲೆಲ್ಲಿ ಎತ್ತಿಹಾಕಿದ್ರೂ ನಿಮ್ಮ ಪೆಟ್ಟಿಗೆ ಒಂದೂ ಒಡೆದಿಲ್ಲವಂತೆ. ಒಂದೂ!"

ಹಲಗೆ ರಾಶಿಯ ಕಡೆಯಿಂದ ಅಳಿಯನ ದನಿ ಬಂತು.

"ಊ ಸಾ. ಒಂದೂ ಒಡ್ದಿರ್ಲಿಲ್ಲ. ನಾನೇ ನೋಡಿವ್ನಿ."

ಏಜೆನ್ಸಿಯವನು ತಿರುಗಿದ. ಯಾರಪ್ಪ ನೀನು ಎನ್ನಲು ಹೊರಟವನ ಕಣ್ಣು ಊರುಗೋಲಿಗೆ ಹೋಯಿತು, ಅಲ್ಲಿಂದ ಮಡಚಿ ಪಿನ್ನು ಹಾಕಿದ್ದ ಪ್ಯಾಂಟಿಗೆ ಹೋಯಿತು. ನಾನು ಮೈಸೂರುಪಾಕಿನ ಡಬ್ಬವನ್ನು ಏಜೆನ್ಸಿಯವನ ಕೈಗೇ ವಾಪಸ್ಸು ಕೊಟ್ಟು, ಈ ಶೆಡ್ಡಿನಲ್ಲಿ ಇನ್ನು ಗುಂಡಿನ ಪೆಟ್ಟಿಗೆ ಆಗುವುದಿಲ್ಲ, ಹೊರಡಿ ಅಂದೆ. ಬಿಟ್ಟರೆ ಬೇರೆಯವರು ಮಾಡುತ್ತಾರೆ ಮೇಡಂ ಎಂದ. ಗೊತ್ತು ಅಂದೆ. ಅವನ ಕಾರು ಬಿ.ಎಂ. ರಸ್ತೆ ಕಡೆ ಹೋಯಿತು, ಮಾಡುವವರು ಸಿಕ್ಕಿಯೂ ಇರುತ್ತಾರೆ.

ಈಗ ಮತ್ತೆ ಪಂಪ್‌ಸೆಟ್ಟಿನ ಪೆಟ್ಟಿಗೆ. ಬೆಳಿಗ್ಗೆ ಮೊದಲ ಹಲಗೆಯನ್ನು ಮೇಜಿನ ಮೇಲೆ ಇಟ್ಟುಕೊಂಡು ಮೇಸ್ತ್ರಿ ನನ್ನನ್ನು ಕರೆಯುತ್ತಾರೆ.

"ಇದು ಯಾರ್ ಕೈಗೋಯ್ತದವ್ವ?"

"ಹೊಳೆನರಸೀಪುರದ ಅಂಗಡಿಗೆ ಮೇಸ್ತ್ರಿ."

"ಅಲ್ಲಿಂದ?"

ಅಂಗಡಿಯವನಿಗೆ ಫೋನ್ ಮಾಡಿ ಕೇಳುತ್ತೇನೆ. ಅವನು ಹೇಳಿದ ಊರು, ಗದ್ದೆ, ಬೋರ್‌ವೆಲ್ಲು ಎಲ್ಲ ಹೇಳುವವರೆಗೂ ಮೇಸ್ತ್ರಿ ಪೆನ್ಸಿಲ್ ಹಿಡಿದು ಕಾಯುತ್ತಾರೆ. ಆಮೇಲೆ ಬರೆಯುತ್ತಾರೆ. ಹಲಗೆಯ ಹೊರಮೈಗೆ, ಎಲ್ಲರಿಗೂ ಕಾಣುವ ಹಾಗೆ.